ಬರೆ ಕಡಿದಲ್ಲಿ ಹಾಳೆ ಹಾಳೆಯಾಗಿ ಏಳುವ ಕಲ್ಲು: ಇದು ಶೇಲ್ ಹೌದಾ ಅಲ್ವಾ?

ಮಕ್ಕಂದೂರು_ಮಳೆ
ತೋಟದ ದಾರಿ ಅಗಲ ಮಾಡ್ಲಿಕ್ಕೆ ಬರೆ (ದಾರಿ ಪಕ್ಕದ ಗುಡ್ಡದ ಕಡಿದಾದ ಬದಿ) ಕಡಿದಿದೆ. ಸುಮಾರು 4 ಮೀಟರ್ ಎತ್ತರ, ಹೆಚ್ಚುಕಡಿಮೆ ನೆಟ್ಟಗೆ. ಮೇಲಿನ ಅರ್ಧ ಕೆಂಪು ಮಣ್ಣು. ಅದರ ಕೆಳಗೆ ಬೂದು-ಕಂದು ಬಣ್ಣದ ಕಲ್ಲು, ಕೈಯಲ್ಲಿ ಹಾಳೆ ಹಾಳೆಯಾಗಿ ಏಳುತ್ತೆ, ಉಗುರಲ್ಲಿ ಗೀರಿದರೆ ಪುಡಿ ಬರುತ್ತೆ, ಬಿಸಿಲಿಗೆ ಹಿಡಿದರೆ ಚೂರು ಚೂರು ಮಿನುಗುತ್ತೆ. ಜೆಸಿಬಿಯವರು "ಇದು ಶೇಲ್ ಸಾರ್, ಮಳೆಗೆ ಕರಗಿ ಹೋಗ್ತದೆ" ಅಂತಿದ್ದಾರೆ. ಶೇಲ್, ಅಂದರೆ ಕೆಸರು ಗಟ್ಟಿಯಾಗಿ ಆದ ಪದರಗಲ್ಲು, ಹೌದಾ? ಹೌದಾದರೆ ಕೆನಡಾದ ಬರ್ಜೆಸ್ ಶೇಲ್ ಥರ ಒಳಗೆ ಪಳೆಯುಳಿಕೆ ಇರಬಹುದಾ? ಮತ್ತೆ ಅಗೆದು ಬಂದ ಕಲ್ಲನ್ನು ತಡೆಗೋಡೆ ಹಿಂದೆ ತುಂಬಿಸಬಹುದಾ? ಮೂರನೇ ಪ್ರಶ್ನೆಗೆ ಅವಸರ ಇದೆ, ಮಳೆ ಹತ್ತಿರ ಬಂತು.

ಬೆಣಚುಕಲ್ಲು
ಶೇಲ್ ಅಲ್ಲ. ಫೋಟೋ ನೋಡದೆಯೂ ಹೇಳಬಹುದು. ಮಡಿಕೇರಿ ಸುತ್ತ ಇರುವುದು ನೈಸ್ (ಪಟ್ಟೆ ಪಟ್ಟೆಯ ಗಟ್ಟಿ ಕಲ್ಲು), ಚಾರ್ನೊಕೈಟ್ (ಗ್ರಾನೈಟಿನಂಥ ಗಾಢ ಬಣ್ಣದ ಕಲ್ಲು), ಅಲ್ಲಲ್ಲಿ ಗಾರ್ನೆಟ್ ಎಂಬ ಕೆಂಪು ಹರಳು ಇರುವ ಶಿಸ್ಟ್ (ಅಭ್ರಕ ತುಂಬಿದ ಹಾಳೆಗಲ್ಲು). ಎಲ್ಲವೂ ರೂಪಾಂತರ ಶಿಲೆಗಳು, ಅಂದರೆ ಭೂಮಿಯೊಳಗೆ ಬಿಸಿ, ಒತ್ತಡಕ್ಕೆ ಬದಲಾದವು. ಕೊಡಗಿನ ಚಾರ್ನೊಕೈಟ್‌ಗಳಲ್ಲಿನ ಜಿರ್ಕಾನ್ ಹರಳುಗಳ ವಯಸ್ಸು 310ರಿಂದ 350 ಕೋಟಿ ವರ್ಷದ ಆಸುಪಾಸು. ಮಡಿಕೇರಿ ಹೆಸರಲ್ಲೇ ಒಂದು ದೊಡ್ಡ ಶಿಯರ್ ವಲಯ ಇದೆ. ಅಲ್ಲಿ ಕಲ್ಲು ಬಿಸಿಯಾಗಿ, ಅರೆದು, ಎಳೆದು ಪದರಗಟ್ಟಿದೆ. ನಿಮಗೆ ಕಾಣುತ್ತಿರುವ ಹಾಳೆ ಆ ಪದರ, ಕೆರೆಯ ತಳದಲ್ಲಿ ಕೆಸರು ಕೂತ ಪದರವಲ್ಲ.

ಮಿನುಗುವ ಚೂರು ಕಾಗೆಬಂಗಾರ, ಅಂದರೆ ಅಭ್ರಕ. ಶೇಲ್‌ನಲ್ಲೂ ಸಣ್ಣ ಅಭ್ರಕ ಇರುತ್ತೆ, ಆದರೆ ಹಾಳೆಯ ಮೈಯೆಲ್ಲ ಕಣ್ಣಿಗೆ ಕಾಣುವಷ್ಟು ದೊಡ್ಡ ಚಕ್ಕೆ ಕೂತಿದ್ದರೆ ಅದು ಶಿಸ್ಟ್ ಅಥವಾ ನೈಸ್.

ಜಂಬಿಟ್ಟಿಗೆ
ಫೋಟೋ ಹಾಕಿ ಅಣ್ಣಾ. ಪಕ್ಕದಲ್ಲೊಂದು ನಾಣ್ಯ ಇಟ್ಟು. ಬರೇ ಕಲ್ಲಿನ ಫೋಟೋ ಹಾಕಿದರೆ ಅದು ಬೆಟ್ಟವೋ ಬೆಲ್ಲದ ಅಚ್ಚೋ ಗೊತ್ತಾಗಲ್ಲ.

ಸೋಮವಾರಪೇಟೆ_ಸುತ್ತಿಗೆ
ಬೆಣಚುಕಲ್ಲು ಸರ್, ಸ್ವಲ್ಪ ನಿಧಾನ. ಉಗುರಿಗೆ ಗೀರು ಬೀಳುತ್ತೆ ಅಂದಿದ್ದಾರೆ. ನೈಸ್‌ನಲ್ಲಿ ಫೆಲ್ಡ್‌ಸ್ಪಾರ್ 6, ಬೆಣಚು 7 (ಇವು ಹತ್ತರ ಲೆಕ್ಕದ ಗಡಸುತನದ ಅಂಕ). ಉಗುರು ಎರಡೂವರೆ. ಚಾಕುವೇ ಹತ್ತದ ಕಲ್ಲಿಗೆ ಉಗುರು ಹತ್ತೋದು ಹೇಗೆ? ಮೆತ್ತಗಿದೆ, ಹಾಳೆ ಏಳುತ್ತೆ, ನೀರಿಗೆ ಕರಗುತ್ತೆ ಅಂತಾರೆ. ಸೈಟಿನಲ್ಲಿ ಇಂಥದ್ದನ್ನು ಶೇಲ್ ಅಂತಲೇ ರಿಪೋರ್ಟ್ ಬರೆಯೋದು.

ಬೆಣಚುಕಲ್ಲು
ಸೈಟಿನಲ್ಲಿ ಬರೆಯುತ್ತಾರೆ, ಅದಕ್ಕೇ ತಡೆಗೋಡೆಗಳು ಮಲಗುತ್ತವೆ.

ಉಗುರು ಹತ್ತುವುದು ಕಲ್ಲು ಕೊಳೆತಿರುವುದರಿಂದ. ಇಷ್ಟು ಮಳೆ, ಇಷ್ಟು ಬಿಸಿ ಇರುವ ಜಾಗದಲ್ಲಿ ಫೆಲ್ಡ್‌ಸ್ಪಾರ್ ನೀರಿನ ಜೊತೆ ಸೇರಿ ಕೆಯೊಲಿನ್ ಜೇಡಿಯಾಗುತ್ತೆ. ಕಪ್ಪು ಅಭ್ರಕ ಕಬ್ಬಿಣ ಬಿಟ್ಟು ಕಂದಾಗಿ ಊದಿಕೊಳ್ಳುತ್ತೆ. ಬೆಣಚು ಮಾತ್ರ ಹಾಗೇ ಉಳಿಯುತ್ತೆ. ಹೊರಗಿಂದ ನೋಡಿದರೆ ಕಲ್ಲಿನ ಪಟ್ಟೆ, ಬಿರುಕು ಎಲ್ಲ ಹಾಗೇ ಇದೆ, ಒಳಗೆ ಗಟ್ಟಿತನ ಇಲ್ಲ. ಇದಕ್ಕೆ ಸ್ಯಾಪ್ರೊಲೈಟ್ ಅಂತಾರೆ. ಕೊಡಗಿನಲ್ಲಿ ಇದು ಹಲವು ಮೀಟರ್ ದಪ್ಪ ಇರುತ್ತೆ, ಕೆಲವು ಕಡೆ ಹತ್ತು ಮೀಟರ್ ದಾಟುತ್ತೆ.

ಹಾಗಾಗಿ ಗಡಸುತನದ ಪರೀಕ್ಷೆ ಒಂದನ್ನೇ ನಂಬಬೇಡಿ. ಹೀಗೆ ಮಾಡಿ: ಒಂದು ಚೂರನ್ನು ಒದ್ದೆ ಮಾಡಿ ಎರಡು ಬೆರಳ ನಡುವೆ ಉಜ್ಜಿ. ನುಣ್ಣಗೆ ಜಾರುವ ಜೇಡಿಯ ನಡುವೆ ಚೂಪಾದ ಗಾಜಿನಂಥ ಕಣ ಸಿಕ್ಕರೆ ಅದು ಬೆಣಚು. ಉಜ್ಜಿದ್ದನ್ನು ಗ್ಲಾಸ್ ನೀರಿಗೆ ಹಾಕಿ ಕಲಕಿ, ಅರ್ಧ ನಿಮಿಷ ಬಿಟ್ಟು ಕೆಸರು ನೀರು ಚೆಲ್ಲಿ. ನಾಲ್ಕೈದು ಸಲ ತೊಳೆದ ಮೇಲೆ ತಳದಲ್ಲಿ ಏನು ಉಳಿಯಿತು ನೋಡಿ. ಅಕ್ಕಿನುಚ್ಚಿನ ಗಾತ್ರದ ಬೆಣಚು, ಅಭ್ರಕ, ಕೆಂಪು ಗಾರ್ನೆಟ್ ಉಳಿದರೆ ಕೊಳೆತ ನೈಸ್. ಎಲ್ಲ ಚೆಲ್ಲಿಹೋಗಿ ತಳದಲ್ಲಿ ಹೆಚ್ಚೇನೂ ಉಳಿಯದಿದ್ದರೆ ಆಗ ಶೇಲ್ ಮಾತು. ಶೇಲ್‌ನ ಕಣವೆಲ್ಲ ಮಿಲಿಮೀಟರಿನ ಹದಿನಾರನೇ ಒಂದು ಭಾಗಕ್ಕಿಂತ ಸಣ್ಣದು, ಹೆಚ್ಚಿನದು ಅದಕ್ಕಿಂತಲೂ ಎಷ್ಟೋ ಸಣ್ಣದು.

ಕಲ್ಲು_ತಿನ್ನುವ_ಮಂಗ
ಗ್ಲಾಸ್ ಯಾಕೆ, ಹಲ್ಲಿದೆಯಲ್ಲ. ಮುಂಭಾಗದ ಹಲ್ಲಲ್ಲಿ ಒಂದು ಕಣ ಕಡಿದರೆ ಸಾಕು. ಕರಕರ ಅಂದರೆ ಹೂಳುಕಣ ಇದೆ, ಬೆಣ್ಣೆಯ ಹಾಗೆ ಹೋದರೆ ಶುದ್ಧ ಜೇಡಿ. ಫೀಲ್ಡಿನಲ್ಲಿ ಹಳಬರು ಮಾಡೋದೇ ಹೀಗೆ.

ಕುಶಾಲನಗರ_ಕೆಮಿಸ್ಟ್ರಿ
ತೋಟದ ಮಣ್ಣು ಬಾಯಿಗೆ ಹಾಕುವ ಮೊದಲು ಅಲ್ಲಿ ಯಾವ ಔಷಧ ಹೊಡೆದಿದ್ದಾರೆ ಕೇಳಿಕೊಳ್ಳಿ ಮಾರಾಯ್ರೆ. ಬೋರ್ಡೋ ದ್ರಾವಣದ ತಾಮ್ರ ವರ್ಷ ವರ್ಷ ಬೀಳುವ ಜಾಗ ಅದು. ಗ್ಲಾಸೇ ಒಳ್ಳೇದು.

ಭೀಮಾತೀರ
ಖರೇ ಶೇಲ್ ನೋಡಬೇಕಂದ್ರ ನಮ್ ಕಡಿ ಬರ್ರಿ. ಕಲಬುರಗಿ, ಸೇಡಂ, ಶಹಾಬಾದ್ ಸುತ್ತ ಭೀಮಾ ಬೇಸಿನ್ (ಹಿಂದ ಕೆಸರು, ಮರಳು ತುಂಬಿದ ತಗ್ಗು) ಅದ, ಐದು ಸಾವಿರ ಚದರ ಕಿಲೋಮೀಟರಿಗೂ ಜಾಸ್ತಿ. ಕೆಳಗ ಮರಳುಕಲ್ಲ, ಅದರ ಮ್ಯಾಲ ಹಸರು-ನೇರಳೆ ಬಣ್ಣದ ಶೇಲ್, ಮ್ಯಾಲ ಸುಣ್ಣಕಲ್ಲ, ಮತ್ತ ಶೇಲ್. ಹತ್ತಾರು ಕೋಟಿ ವರ್ಷದಾಗ ಯಾರೂ ಅದನ್ನ ಸುಟ್ಟಿಲ್ಲ, ತಿರುವಿಲ್ಲ. ಭಾಳ ಕಡಿ ಇನ್ನೂ ಮಟ್ಟಸ ಮಲಗ್ಯದ.

ಒಂದ್ ಮಾತ ಈಗಲೇ ಹೇಳಿಬಿಡ್ತೀನಿ, ಮನಿಗೆ ಹಾಸೋ ಶಹಾಬಾದ್ ಕಲ್ಲ ಶೇಲ್ ಅಲ್ರೀ. ಅದು ಸುಣ್ಣಕಲ್ಲ. ಹಾಳಿ ಹಂಗ ಬಿಡ್ತದಂತ ಎಲ್ಲಾರೂ ಶೇಲ್ ಅಂತಾರ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ, ನೂರಕ್ಕ ಹತ್ತರದ್ದು, ಒಂದ್ ಹನಿ ಬಿಡ್ರಿ. ಬುಸ್ ಅಂತ ನೊರಿ ಬಂದ್ರ ಸುಣ್ಣಕಲ್ಲ. ಶೇಲ್ ಮ್ಯಾಲ ಬಿಟ್ರ ಸುಮ್ನ ಹೀರ್ಕೋತದ.

ಸೋಮವಾರಪೇಟೆ_ಸುತ್ತಿಗೆ
ಸುಮ್ಮನೆ ಹೀರಿಕೊಳ್ಳೋದು ಎಲ್ಲ ಶೇಲ್ ಅಲ್ಲ. ಸುಣ್ಣ ಬೆರೆತ ಶೇಲ್ ಕೂಡ ನೊರೆ ಬಿಡುತ್ತೆ. ಡಾಲಮೈಟ್ (ಮೆಗ್ನೀಸಿಯಂ ಬೆರೆತ ಸುಣ್ಣಕಲ್ಲು) ಆದರೆ ಪುಡಿ ಮಾಡದೆ ನೊರೆ ಬರಲ್ಲ. ಆಮ್ಲದ ಪರೀಕ್ಷೆಯಲ್ಲಿ ಸುಣ್ಣ ಇದೆಯೋ ಇಲ್ಲವೋ ಅಷ್ಟೇ ಗೊತ್ತಾಗೋದು.

ಭೀಮಾತೀರ
ಹೌದ್ರೀ, ಅದು ಖರೇ. ನೊರಿ ನಿಂತ ಮ್ಯಾಲ ಆ ಜಾಗಾ ಒರೆಸಿ ನೋಡ್ಬೇಕು. ಜೇಡಿ ಕೆಸರ ಉಳಿದಿದ್ರ ಸುಣ್ಣ ಬೆರೆತ ಶೇಲ್, ಸ್ವಚ್ಛ ಇದ್ರ ಸುಣ್ಣಕಲ್ಲ.

ಟ್ರೈಲೋಬೈಟ್_ಪ್ರೇಮಿ
ಎರಡನೇ ಪ್ರಶ್ನೆಗೆ ಬರ್ತೀನಿ. ಬರ್ಜೆಸ್ ಶೇಲ್ ಇರೋದು ಬ್ರಿಟಿಷ್ ಕೊಲಂಬಿಯಾದ ಯೋಹೋ ರಾಷ್ಟ್ರೀಯ ಉದ್ಯಾನದಲ್ಲಿ. 1909ರ ಆಗಸ್ಟ್ ಕೊನೆಯಲ್ಲಿ ಚಾರ್ಲ್ಸ್ ವಾಲ್ಕಾಟ್ ಕಂಡದ್ದು. 1924ರ ತನಕ ಅವರು ಸುಮಾರು 65,000 ಮಾದರಿ ಸಂಗ್ರಹಿಸಿದರು. ವಯಸ್ಸು ಸುಮಾರು 50.8 ಕೋಟಿ ವರ್ಷ, ಮಧ್ಯ ಕೇಂಬ್ರಿಯನ್.

ಅಲ್ಲಿನ ವಿಶೇಷ ಚಿಪ್ಪು, ಮೂಳೆ ಅಲ್ಲ. ಮೆತ್ತನೆ ಮೈಯ ಪ್ರಾಣಿಗಳು, ಕರುಳು, ಕಣ್ಣು, ಕಿವಿರು ಸಮೇತ ಉಳಿದಿವೆ. ಐದು ಕಣ್ಣಿನ ಓಪಾಬೀನಿಯಾ, ಮುಳ್ಳು ಕಾಲು ಅದಲುಬದಲಾಗಿ ಮೊದಲು ತಲೆಕೆಳಗಾಗಿ ಚಿತ್ರಿಸಿದ್ದ ಹ್ಯಾಲುಸಿಜೀನಿಯಾ, ಅನೋಮಲೋಕ್ಯಾರಿಸ್, ಬೆನ್ನುಹುರಿಯ ಬಳಗಕ್ಕೆ ಹತ್ತಿರದ ಪಿಕಾಯಾ. ಕಾರಣ ಏನಂದರೆ, ಅಲ್ಲಿ ಸಮುದ್ರದೊಳಗೆ ಸುಣ್ಣಕಲ್ಲಿನ ಎತ್ತರದ ಗೋಡೆಯೊಂದು ಇತ್ತು, ಕ್ಯಾಥೆಡ್ರಲ್ ಎಸ್ಕಾರ್ಪ್‌ಮೆಂಟ್. ಅದರ ಬುಡದಲ್ಲಿ ನುಣ್ಣನೆಯ ಕೆಸರು ಆಗಾಗ ಜಾರಿ ಬಂದು ಪ್ರಾಣಿಗಳನ್ನು ಒಮ್ಮೆಲೇ ಮುಚ್ಚಿತು. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಸಿಗಲಿಲ್ಲ, ಮೈ ಚಪ್ಪಟೆಯಾಗಿ ಇಂಗಾಲದ ತೆಳು ಪೊರೆಯಾಗಿ ಉಳಿಯಿತು. ಪ್ರಾಣಿ ಸತ್ತು ನಾಲ್ಕು ದಿನ ತಳದಲ್ಲಿ ಬಿದ್ದಿದ್ದರೆ ಏನೂ ಉಳೀತಿರಲಿಲ್ಲ.

ಕಿರಗಂದೂರು_ಕಾಫಿ
ಕೊಡಗಿನದ್ದು ರೂಪಾಂತರ ಶಿಲೆ, ರೂಪಾಂತರ ಶಿಲೆಯಲ್ಲಿ ಪಳೆಯುಳಿಕೆ ಇರಲ್ಲ. ಮುಗೀತು. ಇಷ್ಟುದ್ದ ಯಾಕೆ?

ಟ್ರೈಲೋಬೈಟ್_ಪ್ರೇಮಿ
ಮುಗೀಲಿಲ್ಲ. ಬರ್ಜೆಸ್ ಶೇಲೇ ಸ್ವಲ್ಪ ರೂಪಾಂತರ ಆಗಿದೆ, ಗ್ರೀನ್‌ಶಿಸ್ಟ್ ಮಟ್ಟದ (ರೂಪಾಂತರದ ಮೊದಲ ಮೆಟ್ಟಿಲುಗಳಲ್ಲೊಂದು) ಕೆಳ ಅಂಚಿಗೆ. ನಮಗೆ ಕಾಣೋ ಬೆಳ್ಳಿಯಂಥ ಹೊಳಪಿನ ಪೊರೆಯಲ್ಲಿ ಇಂಗಾಲದ ಜೊತೆ ಆಮೇಲೆ ಬಂದು ಕೂತ ಅಲ್ಯುಮಿನೋ-ಸಿಲಿಕೇಟ್ ಖನಿಜ ಇದೆ. ಆದರೂ ಆಕಾರ ಉಳೀತು. ಪಕ್ಕದ ಗಟ್ಟಿ ಸುಣ್ಣಕಲ್ಲಿನ ಗೋಡೆ ಆಸರೆ ಕೊಟ್ಟದ್ದರಿಂದ ಬೆಟ್ಟ ಏಳುವಾಗ ಅಲ್ಲಿನ ಕೆಸರುಕಲ್ಲು ಹೆಚ್ಚು ಸೀಳಲಿಲ್ಲ. ಸ್ವಲ್ಪ ದೂರದಲ್ಲಿ ಅದೇ ಕಲ್ಲು ಸ್ಲೇಟಿನ ಥರ ಪದರಕ್ಕೆ ಅಡ್ಡವಾಗಿ ಒಡೆಯುತ್ತೆ, ಅಲ್ಲಿ ಪಳೆಯುಳಿಕೆ ಇದ್ದರೂ ತುಂಡು ತುಂಡು.

ಹಾಗಾಗಿ ರೂಪಾಂತರ ಆಯ್ತಾ ಅನ್ನೋದಕ್ಕಿಂತ ಎಷ್ಟು ಆಯ್ತು ಅಂತ ಕೇಳಬೇಕು.

ಬೆಣಚುಕಲ್ಲು
ಸರಿಯಾದ ಮಾತು. ಲೆಕ್ಕ ಇಟ್ಟು ಹೇಳುವುದಾದರೆ: ಕೆಸರು ಹೂತುಹೋಗಿ ನೀರು ಹಿಂಡಿ ಹೋಗುತ್ತೆ, ಸುಮಾರು 70ರಿಂದ 150 ಡಿಗ್ರಿ ಒಳಗೆ ಊದುವ ಸ್ಮೆಕ್ಟೈಟ್ ಜೇಡಿ ಇಲೈಟ್ ಆಗುತ್ತೆ. ಇಲ್ಲಿವರೆಗೆ ಶೇಲ್. 200-300ಕ್ಕೆ ಸ್ಲೇಟ್, ಅದರ ಮೇಲೆ ಫಿಲೈಟ್, 400 ದಾಟಿ ಮೇಲಕ್ಕೆ ಶಿಸ್ಟ್. 600ರ ಮೇಲೆ ಸಿಲಿಮನೈಟ್ ಎಂಬ ಖನಿಜ ಬರುವ ನೈಸ್. 700ರ ಮೇಲೆ ಗ್ರಾನ್ಯುಲೈಟ್ ಮಟ್ಟ. ಕೊಡಗಿನದ್ದು ಕೊನೆಯ ಎರಡು ಮೆಟ್ಟಿಲು. ಆ ಬಿಸಿಗೆ ಕಲ್ಲಿನ ಒಂದು ಭಾಗ ಕರಗಿ ಬಿಳಿ ಪಟ್ಟೆಗಳಾಗಿ ಹೊರಬರುತ್ತೆ. ಜೀವದ ಇಂಗಾಲ ಏನಾದರೂ ಇದ್ದಿದ್ದರೆ ಈಗ ಗ್ರಾಫೈಟ್.

ಮತ್ತೆ 300 ಕೋಟಿ ವರ್ಷದ ಹಿಂದೆ ಪ್ರಾಣಿಗಳೇ ಇರಲಿಲ್ಲ. ಇದ್ದದ್ದು ಸೂಕ್ಷ್ಮಜೀವಿಗಳು. ಕರ್ನಾಟಕದಲ್ಲಿ ಹಳೇ ಜೀವದ ಗುರುತು ನೋಡಬೇಕಾದರೆ ಶಿವಮೊಗ್ಗದ ಕುಂಸಿ ಕಡೆಯ, ಚಿತ್ರದುರ್ಗ ಪಟ್ಟಿಯ ಸ್ಟ್ರೊಮ್ಯಾಟೊಲೈಟ್ (ಸೂಕ್ಷ್ಮಜೀವಿಗಳ ಪದರದಿಂದ ಕಟ್ಟಿದ ಕಲ್ಲು) ನೋಡಿ. ಬಾಗಲಕೋಟೆ ಕಡೆ ಕಲಾದಗಿ ಬೇಸಿನ್ನಿನ ಡಾಲಮೈಟ್‌ನಲ್ಲೂ ಇವೆ, ಅವು ಅಷ್ಟು ಹಳೆಯವಲ್ಲ.

ಭೀಮಾತೀರ
ನಮ್ ಭೀಮಾ ಶೇಲಿನಾಗೂ ಟ್ರೈಲೋಬೈಟ್ (ಅಳಿದುಹೋದ ಹಳೇ ಕಡಲಪ್ರಾಣಿ) ಹುಡುಕಬ್ಯಾಡ್ರಿ. ವಯಸ್ಸಿನ ಬಗ್ಗೆ ತಕರಾರ ಅದ, ಆದ್ರ ಕೇಂಬ್ರಿಯನ್‌ಗಿಂತ ಹಿಂದಿಂದು ಅನ್ನೋದರಾಗ ಹೆಚ್ಚಿನವ್ರದ್ದು ಒಂದ ಮಾತ.

ಗೋಣಿಕೊಪ್ಪ_ಗಾರ್ನೆಟ್
ಅಂದ್ರೆ ಕೊಡಗಿನಲ್ಲಿ ಒಂದು ಕಾಲಕ್ಕೆ ಶೇಲ್ ಇತ್ತು, ಈಗ ಬೆಂದು ಬೇರೆ ಆಗಿದೆ ಅಂತ ತಾನೇ?

ಬೆಣಚುಕಲ್ಲು
ಎಲ್ಲ ಕಡೆ ಅಲ್ಲ. ಚಾರ್ನೊಕೈಟಿನ ಹೆಚ್ಚಿನ ಭಾಗ ಮೂಲದಲ್ಲಿ ಅಗ್ನಿಶಿಲೆ. ಆದರೆ ಶಿಯರ್ ವಲಯದಲ್ಲಿ ಗಾರ್ನೆಟ್, ಕಯನೈಟ್ ಅಥವಾ ಸಿಲಿಮನೈಟ್, ಅಭ್ರಕ ಒಟ್ಟಿಗೆ ಇರುವ ಪಟ್ಟಿಗಳಿವೆ. ಅವು ಮೂಲದಲ್ಲಿ ಜೇಡಿಕೆಸರು. ಗೊತ್ತಾಗೋದು ಅಲ್ಯುಮಿನಿಯಂನಿಂದ. ಮಳೆ, ಗಾಳಿಗೆ ಕಲ್ಲು ಸವೆಯುವಾಗ ಸೋಡಿಯಂ, ಕ್ಯಾಲ್ಸಿಯಂ ನೀರಲ್ಲಿ ಕರಗಿ ಸಮುದ್ರಕ್ಕೆ ಹೋಗುತ್ತವೆ. ಅಲ್ಯುಮಿನಿಯಂ ಕರಗದೆ ಜೇಡಿಯಲ್ಲಿ ಉಳಿಯುತ್ತೆ. ಆ ಜೇಡಿ ಬೆಂದಾಗ ಅಲ್ಯುಮಿನಿಯಂಗೆ ಜಾಗ ಬೇಕು, ಸಿಲಿಮನೈಟ್, ಕಯನೈಟ್ ಹುಟ್ಟುತ್ತವೆ. ಬಿಸಿ ಎಷ್ಟೇ ಆದರೂ ಈ ಲೆಕ್ಕ ಅಳಿಸಿ ಹೋಗಲ್ಲ.

ಗೋಣಿಕೊಪ್ಪ_ಗಾರ್ನೆಟ್
ಹರಳುಕಲ್ಲು ಬರೋದೂ ಇದರಿಂದಲೇನಾ?

ಬೆಣಚುಕಲ್ಲು
ಸಂಬಂಧ ಇದೆ. ಅಲ್ಯುಮಿನಿಯಂ ಹೆಚ್ಚು, ಸಿಲಿಕಾ ಕಡಿಮೆ ಇದ್ದ ಕಡೆ ಕೊರಂಡಮ್ ಹುಟ್ಟುತ್ತೆ. ಅದರ ಕೆಂಪು, ಪಾರದರ್ಶಕ ರೂಪ ಮಾಣಿಕ್ಯ. ಜನ ಹೆಚ್ಚಾಗಿ ಎತ್ತಿ ತರೋದು ಗಾರ್ನೆಟ್. ಗುರುತಿಸೋದು ಕಷ್ಟ ಇಲ್ಲ: ಕಲ್ಲಿನಲ್ಲಿ ಆ ಕೆಂಪು ಹರಳಿಗೆ ತಾಗಿಕೊಂಡೇ ಬೆಣಚು ಇದ್ದರೆ ಅದು ಕೊರಂಡಮ್ ಅಲ್ಲ ಅಂತ ಬಹುಮಟ್ಟಿಗೆ ಹೇಳಬಹುದು, ಯಾಕಂದರೆ ಅವೆರಡೂ ಒಟ್ಟಿಗಿದ್ದರೆ ಸೇರಿ ಸಿಲಿಮನೈಟ್ ಆಗಿಬಿಡುತ್ತವೆ. ಗಾರ್ನೆಟ್ ಗುಂಡಗೆ, ಹಲವು ಮುಖದ ಚೆಂಡಿನ ಹಾಗೆ. ಕೊರಂಡಮ್ ಆರು ಮೂಲೆಯ ಪೀಪಾಯಿ. ಗಡಸುತನ ಗಾರ್ನೆಟ್‌ಗೆ ಏಳೂವರೆ ತನಕ, ಕೊರಂಡಮ್‌ಗೆ 9.

ನಿರ್ವಾಹಕ
ಹರಳುಕಲ್ಲಿನ ಮಾತು ಇಲ್ಲಿಗೆ ಸಾಕು. ಎಲ್ಲಿ ಸಿಗುತ್ತೆ ಅಂತ ಕೇಳುವ ಕಾಮೆಂಟ್ ಅಳಿಸಲಾಗುತ್ತೆ. ಕಾಡಿನೊಳಗೆ ಅಗೆಯುವುದು ಅಪರಾಧ, ತಲಕಾವೇರಿ ಕಡೆ ಈ ದಂಧೆಯಿಂದ ಬೆಟ್ಟಕ್ಕೆ ಆದ ಗಾಯ ಎಲ್ಲರಿಗೂ ಗೊತ್ತಿದೆ.

ಬೋರ್_ಪಾಯಿಂಟ್
ಕೊಳವೆಬಾವಿ ಕೊರೆಯುವವರೂ "ಶೇಲ್ ಬಂತು" ಅಂತಾರೆ, ಅದನ್ನೂ ಸೇರಿಸಿಬಿಡಿ. ಕೊಡಗಿನಲ್ಲಿ ಮೊದಲ ಹತ್ತಿಪ್ಪತ್ತು ಮೀಟರ್ ಬರೋ ಮೆತ್ತನೆ ಬೂದು ಪುಡಿ ಕೊಳೆತ ನೈಸ್. ಅಲ್ಲಿ ಕೇಸಿಂಗ್ ಬೇಕು. ಕೇಸಿಂಗ್ ಪೈಪು ಗಟ್ಟಿ ಬಂಡೆಯೊಳಗೆ ಒಂದೆರಡು ಮೀಟರ್ ಕೂರಬೇಕು. ದುಡ್ಡು ಉಳಿಸಲು ಮೆತ್ತನೆ ಜಾಗದಲ್ಲೇ ನಿಲ್ಲಿಸಿದರೆ ಎರಡನೇ ಮಳೆಗಾಲಕ್ಕೆ ಅಭ್ರಕ, ಜೇಡಿ ಒಳಗೆ ಸುರಿದು ಪಂಪ್ ಕಚ್ಚಿಕೊಳ್ಳುತ್ತೆ. ನೀರಲ್ಲಿ ಬೆಳ್ಳಿ ಪುಡಿ ತೇಲಿದ ಹಾಗೆ ಮಿಂಚಿದರೆ ಇದೇ ಕಾರಣ.

ಗಟ್ಟಿ ನೈಸ್‌ನಲ್ಲಿ ಹ್ಯಾಮರ್ ಹೊಡೆದಾಗ ಒಣ ಪುಡಿ ಕರಿ-ಬಿಳಿ ಬೆರಕೆಯಾಗಿ ಹಾರುತ್ತೆ. ನಿಜವಾದ ಶೇಲ್‌ನಲ್ಲಿ ಸ್ವಲ್ಪ ನೀರು ತಾಗಿದರೆ ಪುಡಿ ಅಂಟು ಮುದ್ದೆಯಾಗಿ ಬಿಟ್ ಸುತ್ತ ಕಚ್ಚಿ ಗಾಳಿಯ ದಾರಿ ಕಟ್ಟುತ್ತೆ. ಎರಡನ್ನೂ ನೋಡಿದವರು ಗೊಂದಲ ಮಾಡಿಕೊಳ್ಳಲ್ಲ.

ಸಿದ್ದಾಪುರ_ಶಿಲೆ
ಶೇಲ್ ಗ್ಯಾಸ್ ಅಂತ ಕೇಳಿದ್ದೆ. ಕಾವೇರಿ ಬೇಸಿನ್‌ನಲ್ಲಿ ಇದೆ ಅಂತ ಓದಿದ ನೆನಪು. ಅಂದ್ರೆ ನಮ್ಮ ಭಾಗಮಂಡಲದ ಕಾವೇರಿನಾ?

ಬೋರ್_ಪಾಯಿಂಟ್
ಅಲ್ಲಪ್ಪಾ! ಅದು ತಮಿಳುನಾಡು ಕರಾವಳಿ, ನದಿ ಸಮುದ್ರ ಸೇರುವ ಕಡೆ. ಭೂಮಿ ಸೀಳಿ ತಗ್ಗಾದ ಜಾಗದಲ್ಲಿ ಡೈನೊಸಾರ್‌ಗಳ ಕಾಲದಿಂದ ಕೆಸರು ತುಂಬಿದೆ. ಗ್ಯಾಸ್ ಆಗಬೇಕಾದರೆ ಕೆಸರಲ್ಲಿ ಜೈವಿಕ ಇಂಗಾಲ ನೂರಕ್ಕೆ ಒಂದೆರಡಾದರೂ ಇರಬೇಕು, ಹದವಾಗಿ ಬೇಯಬೇಕು. ಕೊಡಗಿನಷ್ಟು ಬೆಂದರೆ ಗ್ಯಾಸ್ ಎಲ್ಲ ಯಾವತ್ತೋ ಹೋಗಿಯಾಗಿದೆ.

ಹಾರಂಗಿ_ಹಿನ್ನೀರು
ಆದ್ರೆ ಮುಂದಿನ ಶೇಲ್‌ಗೆ ಕಚ್ಚಾಮಾಲು ನಮ್ಮ ಕಡೆಯಿಂದ ಹೋಗ್ತಾ ಇದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ ಕಡೆ ಜಾರಿದ ಮಣ್ಣು ತೋಡುಗಳಲ್ಲಿ ಇಳಿದು ಹಾರಂಗಿಗೆ ಬಂತಲ್ಲ. ಮರಳು ಹೊಳೆ ಬಾಯಲ್ಲೇ ನಿಲ್ಲುತ್ತೆ. ಜೇಡಿ ಮಾತ್ರ ಮುಂದೆ ಹೋಗುತ್ತೆ. ಎರಡು ಮೈಕ್ರಾನ್ ಗಾತ್ರದ ಕಣ ನಿಂತ ನೀರಲ್ಲಿ ಒಂದು ಮೀಟರ್ ಇಳಿಯಲು ಸುಮಾರು ಮೂರು ದಿನ ತಗೊಳ್ಳುತ್ತೆ. ಅಣೆಕಟ್ಟಿನ ನೀರು ಮಳೆ ನಿಂತ ಮೇಲೂ ವಾರಗಟ್ಟಲೆ ಟೀ ಬಣ್ಣ ಇರೋದು ಇದಕ್ಕೇ. ಸಮುದ್ರದಲ್ಲಿ ಉಪ್ಪಿಗೆ ಕಣಗಳು ಒಂದಕ್ಕೊಂದು ಅಂಟಿ ಬೇಗ ಕೂರುತ್ತವೆ.

ತೋಡು_ನೀರು
ಎಲ್ಲ ಸರಿ, ಬರೆಯ ವಿಷಯ ಯಾರೂ ಮಾತಾಡ್ತಿಲ್ಲ. ಮಕ್ಕಂದೂರು ಅವರೇ, ಹೆಸರು ಶೇಲ್ ಆಗಲಿ ನೈಸ್ ಆಗಲಿ, ಹಾಳೆಗಳು ಯಾವ ಕಡೆ ಬಾಗಿವೆ ಅನ್ನೋದು ಮೊದಲು ಬೇಕು. ರಸ್ತೆ ಕಡೆಗೆ ಇಳಿದಿವೆಯೋ, ಬೆಟ್ಟದ ಒಳಕ್ಕೆ ಇಳಿದಿವೆಯೋ?

ಅಳೆಯೋದು ಹೀಗೆ. ಚೊಕ್ಕವಾದ ಒಂದು ಹಾಳೆಯ ಮೇಲ್ಮೈ ಹುಡುಕಿ, ಅಂಗೈಯಗಲ ಆದರೂ ಇರಬೇಕು. ಅದರ ಮೇಲೆ ಸ್ವಲ್ಪ ನೀರು ಬಿಡಿ. ನೀರು ಇಳಿಯುವ ದಿಕ್ಕೇ ಡಿಪ್ ದಿಕ್ಕು, ಅಂದರೆ ಹಾಳೆ ಬಾಗಿದ ದಿಕ್ಕು. ಒಂದು ರಟ್ಟನ್ನು ಹಾಳೆಗೆ ಒರಗಿಸಿ, ಫೋನಿನ ಉದ್ದ ಬದಿಯನ್ನು ನೀರಿಳಿದ ಗೆರೆಯ ಮೇಲೆ ಇಟ್ಟು ಕೋನ ಓದಿ. ದಿಕ್ಸೂಚಿಗೆ ಜೆಸಿಬಿ ಹತ್ತಿರ ಇರಬಾರದು, ಕಬ್ಬಿಣದ ಸರಳು ಇರಬಾರದು. ಒಂದೇ ಕಡೆ ಅಳೆದು ನಿಲ್ಲಿಸಬೇಡಿ. ಬರೆಯ ಮೇಲ್ಭಾಗದಲ್ಲಿ ಹಾಳೆಗಳು ಭಾರಕ್ಕೆ ಬಾಗಿ ತಪ್ಪು ಕೋನ ತೋರಿಸುತ್ತವೆ, ಬುಡದಲ್ಲಿ ಅಳೆಯಿರಿ, ಐದಾರು ಕಡೆ.

ಅಪಾಯ ಯಾವಾಗ ಅಂದರೆ, ಹಾಳೆ ರಸ್ತೆ ಕಡೆಗೆ ಇಳಿದಿರಬೇಕು, ಅದರ ಕೋನ ಕಡಿದ ಮುಖದ ಕೋನಕ್ಕಿಂತ ಕಡಿಮೆ ಇರಬೇಕು, ಹಾಳೆಗಳ ನಡುವಿನ ಘರ್ಷಣೆ ಕೋನಕ್ಕಿಂತ (ಒಂದರ ಮೇಲೊಂದು ಜಾರಲು ಶುರುವಾಗುವ ಕೋನ) ಜಾಸ್ತಿ ಇರಬೇಕು. ಹಾಳೆ, ಕಡಿದ ಮುಖ ಎರಡರ ದಿಕ್ಕಿನ ವ್ಯತ್ಯಾಸ ಸುಮಾರು 20 ಡಿಗ್ರಿ ಒಳಗಿರಬೇಕು. ಅಭ್ರಕ ಹೊದ್ದ ಮೈಯಲ್ಲಿ ಘರ್ಷಣೆ ಕೋನ 20ರಿಂದ 30 ಡಿಗ್ರಿ ಅಷ್ಟೇ ಇರಬಹುದು.

ಸೋಮವಾರಪೇಟೆ_ಸುತ್ತಿಗೆ
2018ರಲ್ಲಿ ಜಾರಿದ್ದರಲ್ಲಿ ಹೆಚ್ಚಿನದು ಹಾಳೆ ಜಾರಿದ್ದಲ್ಲ. ಮಣ್ಣಿನ ಹೊದಿಕೆ ಪೂರ್ತಿ ನೀರು ಕುಡಿದು ಮರ, ಬಂಡೆ ಸಮೇತ ಕೆಸರಾಗಿ ಹರಿದದ್ದು. ಡಿಪ್ ಲೆಕ್ಕ ಅಲ್ಲಿ ಕೆಲಸಕ್ಕೆ ಬರಲ್ಲ.

ತೋಡು_ನೀರು
ಇಡೀ ಗುಡ್ಡ ಇಳಿಯುವ ಜಾರಿಕೆಗೆ ನೀವು ಹೇಳಿದ್ದು ಸರಿ. ಅಲ್ಲಿ ನೋಡಬೇಕಾದ್ದು ಮಣ್ಣಿನ ದಪ್ಪ, ನೀರಿನ ಒತ್ತಡ. ಆದರೆ ನಾಲ್ಕು ಮೀಟರಿನ ದಾರಿ ಬರೆ ಬೇರೆ. ಕೊಳೆತ ಕಲ್ಲಿನಲ್ಲೂ ಹಳೇ ಹಾಳೆ, ಹಳೇ ಬಿರುಕು ಉಳಿದಿರುತ್ತಲ್ಲ, ಅದರ ಮೈಗೆ ಜೇಡಿ, ಕಪ್ಪು ಮ್ಯಾಂಗನೀಸ್ ಲೇಪ ಕೂತಿರುತ್ತೆ. ಬೇರೆ ಕಡೆ ಗಟ್ಟಿ ಇದ್ದರೂ ಅಲ್ಲಿ ಜಾರುತ್ತೆ. ಹಾಗಾಗಿ ಎರಡನ್ನೂ ನೋಡಬೇಕು.

ಮಕ್ಕಂದೂರು_ಮಳೆ
ಗ್ಲಾಸ್ ಪರೀಕ್ಷೆಯಲ್ಲಿ ತಳದಲ್ಲಿ ಬೆಣಚು, ಅಭ್ರಕ, ಸಾಸಿವೆ ಗಾತ್ರದ ನಾಲ್ಕೈದು ಕೆಂಪು ಕಣ ಉಳಿದಿವೆ. ಆಮ್ಲಕ್ಕೆ ನೊರೆ ಇಲ್ಲ. ಬುಡದಲ್ಲಿ ಆರು ಕಡೆ ಅಳೆದರೆ 35ರಿಂದ 42 ಡಿಗ್ರಿ, ಇಳಿದಿರುವುದು ರಸ್ತೆ ಕಡೆಗೇ. ಕಡಿದ ಮುಖ ಸುಮಾರು 70 ಡಿಗ್ರಿ. ಒಣ ತುಂಡು ನೀರಲ್ಲಿ ಇಟ್ಟರೆ ಅರ್ಧ ಗಂಟೆಗೆ ಅಂಚು ಉದುರಿತು, ಮರುದಿನಕ್ಕೆ ಮೇಲಿನ ಕಂದು ತುಂಡು ಪೂರ್ತಿ ಗುಡ್ಡೆಯಾಗಿ ಕುಸಿದಿತ್ತು. ಕೆಳಗಿನ ಬೂದು ತುಂಡು ಹಾಗೇ ಇದೆ.

ಬೆಣಚುಕಲ್ಲು
ಹಾಗಾದರೆ ಕೊಳೆತ ಗಾರ್ನೆಟ್ ನೈಸ್, ಅನುಮಾನವೇ ಬೇಡ. ಬೂದು ತುಂಡು ಉಳಿದದ್ದು ಕೊಳೆಯುವುದು ಅಲ್ಲಿ ಕಡಿಮೆಯಾಗಿದೆ ಅಂತ.

ನೀರಿನ ಪರೀಕ್ಷೆಗೆ ಲೆಕ್ಕ ಬೇಕಾದರೆ ಪ್ರಯೋಗಾಲಯದಲ್ಲಿ ಸ್ಲೇಕ್ ಡ್ಯೂರಬಿಲಿಟಿ (ನೀರಲ್ಲಿ ಕಲ್ಲು ಎಷ್ಟು ಉದುರುತ್ತೆ ಅನ್ನುವ ಪರೀಕ್ಷೆ) ಮಾಡಿಸಿ. 40ರಿಂದ 60 ಗ್ರಾಂ ತೂಗುವ ಹತ್ತು ಉಂಡೆ, ಒಟ್ಟು 450-550 ಗ್ರಾಂ. 105 ಡಿಗ್ರಿಯಲ್ಲಿ ಒಣಗಿಸಿ, 2 ಮಿ.ಮೀ. ಜಾಲರಿಯ ಡ್ರಮ್ಮಿನಲ್ಲಿ ಹಾಕಿ, ಅರ್ಧ ನೀರಲ್ಲಿ ಮುಳುಗಿಸಿ 10 ನಿಮಿಷಕ್ಕೆ 200 ಸುತ್ತು ತಿರುಗಿಸುತ್ತಾರೆ. ಮತ್ತೆ ಒಣಗಿಸಿ ಇನ್ನೊಂದು ಸಲ. ಉಳಿದ ತೂಕದ ಶೇಕಡಾ ಲೆಕ್ಕವೇ ಉತ್ತರ. ಮಾದರಿ ಒಯ್ಯುವಾಗ ಕಂದು, ಬೂದು ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬೆರಕೆ ಮಾಡಿದರೆ ಸರಾಸರಿ ಚೆನ್ನಾಗಿ ಕಂಡು ಮೋಸ ಆಗುತ್ತೆ.

ತೋಡು_ನೀರು
35-42 ಡಿಗ್ರಿ, ರಸ್ತೆ ಕಡೆ, ಮುಖ 70. ಮೊದಲ ಮೂರೂ ಷರತ್ತು ಕೂಡಿ ಬಂದಿವೆ. ಮುಖವನ್ನು 45ಕ್ಕೆ ಇಳಿಸಿದರೂ ಹಾಳೆಗಳ ತುದಿ ಹೊರಗೆ ಕಾಣುತ್ತೆ, ಬುಡದ ಆಸರೆ ಇಲ್ಲ. ಒಂದೋ ಹಾಳೆಯ ಕೋನಕ್ಕೇ ಬರೆ ಒರಗಿಸಬೇಕು, ಅದಕ್ಕೆ ಮೇಲಿನ ತೋಟದ ಜಾಗ ಬೇಕು. ಇಲ್ಲ, ಗೇಬಿಯನ್ (ಕಲ್ಲು ತುಂಬಿದ ತಂತಿಬುಟ್ಟಿ) ಅಥವಾ ತಡೆಗೋಡೆ. ಈ ಎತ್ತರಕ್ಕೆ ಗೋಡೆಯ ವಿನ್ಯಾಸವನ್ನು ಸ್ಥಳಕ್ಕೆ ಬಂದು ನೋಡುವ ಎಂಜಿನಿಯರ್ ಕೈಯಲ್ಲೇ ಮಾಡಿಸಿ, ಚಪ್ಪಡಿ ಜೋಡಿಸುವ ಗಾರೆಯವರ ಅಂದಾಜು ಸಾಲದು.

ಮೂರನೇ ಪ್ರಶ್ನೆ: ಅಗೆದ ಕಲ್ಲನ್ನು ಗೋಡೆ ಹಿಂದೆ ತುಂಬಬೇಡಿ. ಅಭ್ರಕ ಇರುವ ಮಣ್ಣು ದಮ್ಮಸ್ಸು ಮಾಡಿದಷ್ಟೂ ಪುಟಿಯುತ್ತೆ, ಕೂರಲ್ಲ. ಕಂದು ಭಾಗ ಮೊದಲ ಮಳೆಗೆ ಕೆಸರಾಗಿ ನೀರಿನ ದಾರಿ ಮುಚ್ಚುತ್ತೆ. ಆಮೇಲೆ ಗೋಡೆ ತಡೆಯಬೇಕಾದ್ದು ಮಣ್ಣನ್ನಲ್ಲ, ನೀರನ್ನು. ಗೋಡೆಗೆ ತಾಗಿ ಕನಿಷ್ಠ 30 ಸೆಂ.ಮೀ. ದಪ್ಪ 20-40 ಮಿ.ಮೀ. ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ಬುಡದಲ್ಲಿ ತೂತು ಮಾಡಿದ ಪಿವಿಸಿ ಪೈಪು. ಗೋಡೆಯಲ್ಲಿ 75-100 ಮಿ.ಮೀ. ಪೈಪಿನ ತೂತು, ಒಂದೂವರೆ ಮೀಟರಿಗೊಂದು, ಸಾಲು ಸಾಲಿಗೆ ಅದಲುಬದಲು, ಹೊರಗೆ ಇಳಿಜಾರು. ಪೈಪಿನ ಒಳಬಾಯಿಗೆ ಬಟ್ಟೆ ಸುತ್ತದೇ ಬಿಟ್ಟರೆ ಒಂದೇ ಮಳೆಗಾಲಕ್ಕೆ ಕಟ್ಟಿಕೊಳ್ಳುತ್ತೆ.

ಅಗೆದ ಬೂದು ಕಲ್ಲನ್ನು ಬೇಕಾದರೆ ಸಮತಟ್ಟು ಜಾಗದ ದಾರಿಗೆ ಹರಡಿ. ಇಳಿಜಾರಿನ ಅಂಚಿಗೆ ಸುರಿಯಬೇಡಿ, ಅದು ಕೆಳಗಿನವರ ತೋಟಕ್ಕೆ ಹೋಗುತ್ತೆ.

ಜಂಬಿಟ್ಟಿಗೆ
ಬೂದು ಕಲ್ಲನ್ನೇ ಕ್ರಷರಿಗೆ ಹಾಕಿ ಜಲ್ಲಿ ಮಾಡಿದ್ರೆ?

ಸೋಮವಾರಪೇಟೆ_ಸುತ್ತಿಗೆ
ಚಪ್ಪಟೆ ಜಲ್ಲಿ ಬರುತ್ತೆ. ಸರಾಸರಿ ಗಾತ್ರದ 0.6 ಪಟ್ಟಿಗಿಂತ ತೆಳು ಇದ್ದದ್ದೆಲ್ಲ ಚಪ್ಪಟೆ ಅಂತ ಲೆಕ್ಕ. ಇದರಲ್ಲಿ ಅರ್ಧಕ್ಕರ್ಧ ಹಾಗೇ ಬಂದರೂ ಆಶ್ಚರ್ಯ ಇಲ್ಲ. ಕಾಂಕ್ರೀಟಿಗೆ ಅಭ್ರಕವೂ ಬೇಡ, ನೀರು ಜಾಸ್ತಿ ಕೇಳುತ್ತೆ. ಗಟ್ಟಿ ಚಾರ್ನೊಕೈಟ್ ಜಲ್ಲಿ ತರಿಸಿ.

ಕಿರಗಂದೂರು_ಕಾಫಿ
ಮೇಲಿನ ತೋಟದಲ್ಲಿ ತೊಟ್ಟಿಲು ಗುಂಡಿ (ಗಿಡಗಳ ನಡುವೆ ಮಳೆನೀರು ಹಿಡಿಯುವ ಗುಂಡಿ) ಇದೆಯಾ? ಯಾರೂ ಕೇಳಲಿಲ್ಲ.

ಮಕ್ಕಂದೂರು_ಮಳೆ
ಇದೆ. ಬರೆಯಂಚಿನಿಂದ ಮೂರು-ನಾಲ್ಕು ಮೀಟರಿಗೆ ಮೊದಲ ಸಾಲು.

ತೋಡು_ನೀರು
ಮುಚ್ಚಿಸಿ. ಬೇಸಿಗೆಗೆ ಒಳ್ಳೇದು, ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಬರೆಯ ತಲೆ ಮೇಲೆ ನೀರು ಇಂಗಿಸುವ ವ್ಯವಸ್ಥೆ ಅದು. ಬರೆಯ ಹತ್ತಿರದ ಸಾಲುಗಳನ್ನು ಜೇಡಿಮಣ್ಣು ಹಾಕಿ ದಮ್ಮಸ್ಸು ಮಾಡಿ ಮುಚ್ಚಿ, ಬರೀ ಕಸ ತುಂಬಿದರೆ ನೀರು ಇಂಗುತ್ತಲೇ ಇರುತ್ತೆ. ಅಂಚಿನಿಂದ ಎರಡು-ಮೂರು ಮೀಟರ್ ಹಿಂದೆ ಅಡ್ಡ ಚರಂಡಿ, ಸಿಮೆಂಟ್ ಲೇಪ ಇರಲೇಬೇಕು. ಲೇಪ ಇಲ್ಲದ ಚರಂಡಿ ಕೊಳೆತ ಕಲ್ಲಿಗೆ ನೀರು ಕುಡಿಸುತ್ತೆ. ಅದರ ಕೊನೆಯನ್ನು ತೋಡಿಗೆ ಮುಟ್ಟಿಸಿ, ಬರೆಯ ಪಕ್ಕಕ್ಕೆ ಬಿಟ್ಟು ಕೈತೊಳೆದುಕೊಳ್ಳಬೇಡಿ.

ಗೋಣಿಕೊಪ್ಪ_ಗಾರ್ನೆಟ್
ಲಾವಂಚ ನೆಟ್ಟರೆ ಸಾಲದಾ?

ತೋಡು_ನೀರು
ಮೇಲಿನ ಕೆಂಪು ಮಣ್ಣು ಕೊಚ್ಚಿ ಹೋಗದಂತೆ ತಡೆಯುತ್ತೆ, ಸಾಲಿನಲ್ಲಿ 10-15 ಸೆಂ.ಮೀ.ಗೊಂದು ಬುಡ ನೆಡಿ. 40 ಡಿಗ್ರಿ ಹಾಳೆ ಜಾರುವುದನ್ನು ನಿಲ್ಲಿಸಲ್ಲ. ಈ ವರ್ಷ ನೆಟ್ಟದ್ದು ಈ ವರ್ಷದ ಮಳೆಗೆ ಬೇರೂ ಬಿಟ್ಟಿರಲ್ಲ.

ಮಕ್ಕಂದೂರು_ಮಳೆ
ಗೋಡೆ ಈ ಮಳೆಗೆ ಮುಂಚೆ ಮುಗಿಯಲ್ಲ. ತಾತ್ಕಾಲಿಕ ಏನು ಮಾಡಲಿ?

ತೋಡು_ನೀರು
ಗುಂಡಿ ಮುಚ್ಚಿ, ಅಡ್ಡ ಚರಂಡಿ ಮುಗಿಸಿ. ಬುಡದಲ್ಲಿ ಮರಳು ಮೂಟೆ ಅಥವಾ ದೊಡ್ಡ ಕಲ್ಲಿನ ಆಸರೆ, ಕೆಳಗೆ ನೀರು ಹೋಗಲು ಸಂದು ಬಿಟ್ಟು. ಬರೆಯಂಚಿನಲ್ಲಿ ಬಿರುಕು ಕಂಡರೆ ಜೇಡಿ ತುಂಬಿ, ಮೇಲೆ ಟಾರ್ಪಾಲು, ಟಾರ್ಪಾಲಿನ ನೀರು ಚರಂಡಿಗೇ ಬೀಳಬೇಕು. ಬಿರುಕಿನ ಎರಡೂ ಬದಿಗೆ ಒಂದೊಂದು ಗೂಟ ಹೊಡೆದು ನಡುವಿನ ಅಂತರ ದಿನಾ ಟೇಪಿನಲ್ಲಿ ಅಳೆದು ಬರೆದಿಡಿ. ದಿನದಿಂದ ದಿನಕ್ಕೆ ಹೆಚ್ಚುವ ವೇಗವೇ ಏರುತ್ತಿದ್ದರೆ, ಅಥವಾ ಬುಡದಲ್ಲಿ ಹೊಸದಾಗಿ ಕೆಸರು ನೀರು ಬಂದರೆ, ಆ ದಾರಿಯಲ್ಲಿ ಜನ, ಜೀಪು ಎರಡನ್ನೂ ನಿಲ್ಲಿಸಿ, ಪಂಚಾಯ್ತಿಗೆ ತಿಳಿಸಿ.

ಟ್ರೈಲೋಬೈಟ್_ಪ್ರೇಮಿ
ಇಷ್ಟಾದ ಮೇಲೂ ಯಾರಿಗಾದರೂ ಬರ್ಜೆಸ್ ನೋಡುವ ಆಸೆ ಇದ್ದರೆ: ವಾಲ್ಕಾಟ್ ಕ್ವಾರಿಗೆ ಮಾರ್ಗದರ್ಶಕರ ಜೊತೆ ಮಾತ್ರ ಬಿಡ್ತಾರೆ, ಹೋಗಿ ಬರಲು 20 ಕಿಲೋಮೀಟರಿಗೂ ಹೆಚ್ಚು ನಡಿಗೆ. ಒಂದು ಚೂರೂ ಎತ್ತಿಕೊಳ್ಳುವ ಹಾಗಿಲ್ಲ. ಫೋಟೋಗೆ ಕಲ್ಲನ್ನು ಒದ್ದೆ ಮಾಡಿ, ಬೆಳಕು ಓರೆಯಾಗಿ ಬೀಳುವಂತೆ ನಿಲ್ಲಿ, ಪೊರೆ ಆಗಷ್ಟೇ ಹೊಳೆದು ಕಾಣುತ್ತೆ.

ಬೆಣಚುಕಲ್ಲು
ಮಕ್ಕಂದೂರು ಅವರೇ, ಭೂವೈಜ್ಞಾನಿಕ ಸರ್ವೇಕ್ಷಣೆಯವರ ಭೂಕೋಶ್ ಜಾಲತಾಣದಲ್ಲಿ 1:50,000 ಅಳತೆಯ ಶಿಲಾ ನಕ್ಷೆ ಪುಕ್ಕಟೆ ಸಿಗುತ್ತೆ. ನಿಮ್ಮ ಜಾಗ ಅದರಲ್ಲಿ ಹುಡುಕಿ. ಎಂಜಿನಿಯರ್ ಬಂದಾಗ ನೀವು ಅಳೆದ ಆರು ಕೋನ, ಗ್ಲಾಸಿನ ತಳದಲ್ಲಿ ಉಳಿದ ಪುಡಿ, ನಕ್ಷೆಯ ಪ್ರಿಂಟ್ ಮೂರನ್ನೂ ಕೈಗೆ ಕೊಡಿ.

ಮಕ್ಕಂದೂರು_ಮಳೆ
ಸರಿ. ಗುಂಡಿ ಮುಚ್ಚಲು ನಾಳೆ ಆಳು ಹೇಳಿದೆ. ಜೆಸಿಬಿಯವರಿಗೆ ನೈಸ್ ಅಂದೆ, "ಹೆಸರು ಏನಾದ್ರೂ ಇರ್ಲಿ ಸಾರ್, ಬಾಡಿಗೆ ಗಂಟೆ ಲೆಕ್ಕವೇ" ಅಂದ್ರು.